ಗಿರಣಿ ಅಣ್ಣನಿಗಾಗಿ ಪ್ರಾರ್ಥನೆ

ಯಾರಿಗಾದರೂ ಒಳ್ಳೆಯದಾಗಲಿ ಎಂದು ಬಾಯಿಬಿಟ್ಟು ಹೇಳಿ ನೋಡಿ, ಮೊದಲು ಅವರೇ ನಿಮ್ಮನ್ನು ಅನುಮಾನದಿಂದ ನೋಡುತ್ತಾರೆ. ಚನ್ನಗಿರಿಯಲ್ಲಿ ಬ್ಲೌಸ್ ಹೊಲಿಯುತ್ತಾ ಕೂತ ನನಗೆ ಇದು ಆಗುತ್ತಲೇ ಇರುತ್ತದೆ.

ಬೈಗುಳ

ನನ್ನ ಅಂಗಡಿಗೂ ಪಕ್ಕದ ಹಿಟ್ಟಿನ ಗಿರಣಿಗೂ ನಡುವೆ ಒಂದು ತಗಡು, ಅಷ್ಟೇ. ಆ ಕಡೆ ಮೆಣಸಿನಕಾಯಿ ಬೀಸಿದರೆ ಈ ಕಡೆ ಅಳತೆ ಕೊಡಲು ಬಂದ ಹೆಂಗಸರು ಸೀನುತ್ತಾ ಹೊರಗೆ ಓಡುತ್ತಾರೆ. ಮದುವೆ ಬ್ಲೌಸಿನ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ಬೇರೆ ಟೈಲರ್ ಹತ್ತಿರ ಹೋದರು. ಹೀಗೇ ಆದರೆ ಅಂಗಡಿ ಮುಚ್ಚುವುದೇ ಗತಿ. ಜಗಳಕ್ಕೆ ಹೋದರೆ ಗಿರಣಿಯವರು, "ಗಿರಣೀಲಿ ಮೆಣಸಿನಕಾಯಿ ಬೀಸದೆ ಮಲ್ಲಿಗೆ ಹೂವು ಬೀಸಾಕೆ ಆಗ್ತೈತೇನ್ರಿ?" ಎಂದರು.

ಆ ಭಾನುವಾರ ಚರ್ಚಿನ ಸಭೆಯಲ್ಲಿ ಪಾಸ್ಟರ್, ಕಾಟ ಕೊಡುವವರನ್ನು ಪ್ರೀತಿಸಬೇಕು, ಅವರಿಗಾಗಿ ದಿನಾ ಪ್ರಾರ್ಥನೆ ಮಾಡಬೇಕು ಎಂದು ಹೇಳಿದರು. ನನ್ನ ಕಡೆ ನೋಡಿಯೇ ಹೇಳಿದರು ಎಂದು ನನಗೆ ಅನುಮಾನ. ಆರಾಧನೆ ಮುಗಿದ ಮೇಲೆ ಅವರ ಹೆಂಡತಿಯನ್ನು ಕೇಳಿದೆ, "ಅಕ್ಕಾ, ಮನಸಿನಾಗೆ ಮಾಡಿದ್ರೆ ನಡಿತೈತಾ?"

"ಬ್ಯಾಡ. ನೀನು ಮನಸಿನಾಗೆ ಶುರು ಮಾಡಿದ್ರೆ ಅರ್ಧಕ್ಕೇ ಬೈಗುಳ ಆಗ್ತೈತೆ. ಬಾಯಿಬಿಟ್ಟು ಮಾಡು."

ಹೋಳಿಗೆ

ಮರುದಿನದಿಂದ ಅಂಗಡಿ ತೆರೆದ ಕೂಡಲೇ ದನಿ ಎತ್ತಿ ಶುರು ಮಾಡಿದೆ: "ಕರ್ತನೇ, ಪಕ್ಕದ ಗಿರಣಿ ಅಣ್ಣನನ್ನು ಕ್ಷಮಿಸು. ಅವರ ಕಲ್ಲು ಮನಸ್ಸನ್ನು ಮೆತ್ತಗೆ ಮಾಡು." ಬರೀ ಪ್ರಾರ್ಥನೆ ಸಾಲದು, ಪ್ರೀತಿಯೂ ಬೇಕಲ್ಲ. ಶೇಂಗಾ ಹೋಳಿಗೆ ಮಾಡಿ ಕೊಟ್ಟೆ. ಅವರು ಮೂಸಿ ನೋಡಿದರು, ನನ್ನ ಮುಖ ನೋಡಿದರು, ಒಳಗಿಟ್ಟರು. ಮಾರನೆಯ ದಿನ ಗಿರಣಿ ಬಾಗಿಲಿಗೆ ನಿಂಬೆಹಣ್ಣು ಕಟ್ಟಿತ್ತು. ರಸ್ತೆ ಕಡೆಗಲ್ಲ, ನನ್ನ ಅಂಗಡಿ ಕಡೆಗೆ.

"ಇದ್ಯಾಕೆ ಅಣ್ಣಾರೆ?"

"ವರ್ಷಗಟ್ಲೆ ಬೈದೋರು ಒಮ್ಮೆಲೇ ಹೋಳಿಗೆ ಕೊಟ್ರೆ ಹೆದರಿಕೆ ಆಗಾಕಿಲ್ವಾ?"

"ಹೋಳಿಗೆ ತಿಂದ್ರೋ ಇಲ್ವೋ?"

"ಮೊದ್ಲು ನಮ್ಮ ಭಾಮೈದನಿಗೆ ಕೊಟ್ಟೆ. ಸಂಜೆವರೆಗೂ ನೋಡಿದೆ, ಏನೂ ಆಗ್ಲಿಲ್ಲ. ಆಮೇಲೆ ತಿಂದೆ."

ಸೀರೆ

ನ್ಯಾಮತಿಯಿಂದ ತಂಗಿ ಬಂದಳು. ಅವಳೂ ನಮ್ಮಂತೆ ಸಭೆಗೆ ಹೋಗುವವಳು, ಗಿರಣಿ ಅಣ್ಣನ ಹೋಳಿಗೆ ಕಥೆಯನ್ನೂ ಕೇಳಿದ್ದಳು. ಪ್ರೀತಿಯಿಂದ ಒಂದು ಸೀರೆ ಕೊಟ್ಟರೆ ಕೈಗೇ ತೆಗೆದುಕೊಳ್ಳಲಿಲ್ಲ. "ಅಕ್ಕಾ, ನಾನೇನು ಕಾಟ ಕೊಟ್ಟೆ ನಿಂಗೆ?" ಎಂದಳು. ಸಮಾಧಾನ ಹೇಳಿ ಹೇಳಿ ನನಗೆ ಸಾಕಾಯಿತು. ಹೊರಡುವಾಗ, "ನಾನೂ ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ ಬಿಡು" ಎಂದಳು. ಅವತ್ತಿನಿಂದ ನನಗೆ ಅವಳ ಮೇಲೇ ಅನುಮಾನ.

ಜಗಳೂರಿನವರು

ಇತ್ತ ಪ್ರಾರ್ಥನೆ ಹೆಚ್ಚಿದಷ್ಟೂ ಖಾರ ಹೆಚ್ಚಾಯಿತು. ನಾನು ಕಣ್ಣು ಮುಚ್ಚಿದರೆ ಸಾಕು, ಆ ಕಡೆ ಗಿರಣಿ ಗುಡುಗುತ್ತಿತ್ತು. ಒಂದು ದಿನ ಗಿರಣಿ ಅಣ್ಣನೇ ಬಂದು ನನ್ನ ಗಿರಾಕಿಗಳ ಸ್ಟೂಲಿನ ಮೇಲೆ ಕೂತರು.

"ಅಕ್ಕಾರೆ, ನನ್ನ ಕ್ಷಮಿಸು ಅಂತ ದಿನಾ ದೇವ್ರನ್ನ ಕೇಳ್ತೀರಿ. ಹಿಟ್ಟಿಗೆ ಬಂದೋರು, ಇಷ್ಟು ದಿನ ಕೇಳಿದ್ರೂ ದೇವ್ರು ಕ್ಷಮಿಸಿಲ್ಲ ಅಂದ್ರೆ ಅಂಥಾದ್ದು ಏನ್ ಮಾಡಿದೀಯಪ್ಪಾ ಅಂತಾರೆ. ನಿಮ್ಮ ದನಿ ಅವರಿಗೆ ಕೇಳಬಾರ್ದು ಅಂತಾನೇ ನಾನು ಮಿಶಿನ್ ಹಾಕೋದು."

"ಅದಕ್ಕೆ ಮೆಣಸಿನಕಾಯಿನೇ ಆಗ್ಬೇಕಾ?"

"ಜೋಳ ಹಾಕಿದ್ರೆ ನೀವು ಇನ್ನೂ ಜೋರಾಗಿ ಮಾಡ್ತೀರಿ. ಮೆಣಸಿನಕಾಯಿಗಾದ್ರೆ ಕೆಮ್ಮು ಬಂದು ನಿಲ್ಲಿಸ್ತೀರಿ."

ಆಮೇಲೆ ಅವರ ದನಿ ಇಳಿಯಿತು. ಹೆಣ್ಣು ಕೇಳಲು ಬಂದು ಗಿರಣಿಯಲ್ಲಿ ಕೂತ ಬೀಗರೊಬ್ಬರು ನನ್ನ ಪ್ರಾರ್ಥನೆ ಕೇಳಿಸಿಕೊಂಡೇ ಗಿರಣಿ ಅಣ್ಣನ ಮಗಳ ಸಂಬಂಧ ಬೇಡವೆಂದು ಎದ್ದು ಹೋಗಿದ್ದರಂತೆ. ನಾಳೆ ಜಗಳೂರಿನಿಂದ ಇನ್ನೊಬ್ಬರು ಬರುತ್ತಾರಂತೆ. "ನಾಳೆ ಒಂದಿನ ನನ್ನ ಬಗ್ಗೆ ಏನಾದ್ರೂ ಒಳ್ಳೇದು ಹೇಳ್ರಿ" ಎಂದರು. ನನಗೆ ನಿಜಕ್ಕೂ ಸಂಕಟವಾಯಿತು. ಹೆಣ್ಣುಮಗಳ ಮದುವೆ ನನ್ನ ಬಾಯಿಂದ ತಪ್ಪಿತ್ತು.

ಮರುದಿನ ಗಿರಣಿ ಸದ್ದಿಲ್ಲ. ತಗಡಿನಾಚೆ ಬೀಗರು ಕೂತ ಸಪ್ಪಳ ಕೇಳಿತು. ದೇವರ ಮುಂದೆ ಸುಳ್ಳು ಹೇಳುವಂತಿಲ್ಲ, ನಿಜವಾಗಿ ಒಳ್ಳೆಯದು ಏನಿದೆ ಎಂದು ಹುಡುಕಬೇಕಾಯಿತು. ಮುದುಕಿಯರು ಬಂದರೆ ಸಾಲು ಬಿಡಿಸಿ ಮೊದಲು ಬೀಸಿಕೊಡುತ್ತಾರೆ ಎಂದೆ. ಆಮೇಲೆ ನೆನಪಾಯಿತು, ನನಗೆ ಚಿಕೂನ್‌ಗುನ್ಯಾ ಬಂದು ನಿಲ್ಲಲೂ ಆಗದಿದ್ದಾಗ ನನ್ನ ಶಟರ್ ಎಳೆದು, ಬೀಗ ಹಾಕಿ, ಕೀಲಿ ಮನೆಗೆ ತಂದುಕೊಟ್ಟವರು ಇವರೇ. ಅದನ್ನು ಹೇಳುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಆ ಹೊತ್ತು ಆ ಕಡೆ ಮೆಣಸಿನಕಾಯಿ ಬೀಸುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಗಂಡಿನ ತಾಯಿ ಬ್ಲೌಸ್ ಪೀಸ್ ಹಿಡಿದುಕೊಂಡು ನನ್ನ ಅಂಗಡಿಗೇ ಬಂದರು. ವಿಚಾರಿಸಲು ಬಂದಿದ್ದಾರೆ ಎಂದುಕೊಂಡು ಸ್ಟೂಲ್ ಒರೆಸಿ ಮುಂದಿಟ್ಟೆ.

"ಹುಡುಗಿ ನಮಗೆ ಒಪ್ಪಿಗೆ ಐತೆ" ಎಂದವರು ಒಮ್ಮೆ ಹಿಂದೆ ತಿರುಗಿ ನೋಡಿ, ಮೆಲ್ಲಗೆ ಕೇಳಿದರು, "ಸೊಸೆ ಬರೋದ್ರೊಳಗೆ ನಮ್ಮ ಯಜಮಾನರಿಗೂ ಹಿಂಗೇ ಒಂದಿಷ್ಟು ಪ್ರಾರ್ಥನೆ ಮಾಡ್ತೀರೇನ್ರಿ?"

"ಅವರಿಗೇನಾಗೈತೆ?"

"ಅದನ್ನ ಹೇಳಾಕೆ ಕೂತ್ರೆ ಜಗಳೂರಿನ ಕೊನೇ ಬಸ್ಸೂ ತಪ್ಪೋಗ್ತೈತೆ. ನೀವು ಶುರು ಮಾಡ್ರಿ."