ಕಲಬುರ್ಗಿಯಿಂದ ತಂದ ಹುಲ್ಲು

ಮನುಷ್ಯನಿಗೆ ಹಿತ್ತಲು ಇರಬಾರದು. ಇದ್ದರೂ ಅದರ ಕಡೆಗೊಂದು ಕಿಟಕಿ ಇರಬಾರದು. ಕಿಟಕಿ ಇದ್ದರೂ ಯಾದಗಿರಿಯಲ್ಲಿರುವ ಸಹೋದ್ಯೋಗಿಯ ಮನೆಗೆ ಚಹಾಕ್ಕೆ ಹೋಗಬಾರದು. ನಾನು ಈ ಮೂರೂ ಕೆಲಸಗಳನ್ನು ಸಾಂಗವಾಗಿ ನೆರವೇರಿಸಿದ ಮಹಾನುಭಾವ. ವಿಶ್ವನಾಥ ನಮ್ಮ ಬ್ಯಾಂಕಿನ ಯಾದಗಿರಿ ಶಾಖೆಯವನು. ಅವನ ಹಿತ್ತಲಿನಲ್ಲಿ ಲಾನ್ ಇದೆ. ಲಾನಿನ ಮೇಲೆ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಅವನು, ಅವನ ಕೈಯಲ್ಲಿ ಚಹಾದ ಕಪ್ಪು-ಬಸಿ. ನಮ್ಮೂರು ಶಹಾಪುರದಿಂದ ಬಸ್ಸಿನಲ್ಲಿ ನಿಂತೇ ಹೋಗಿದ್ದ ನನಗೆ ಹೊಟ್ಟೆಯುರಿ ತಡೆಯಲಾಗಲಿಲ್ಲ. "ನಮ್ಮಲ್ಲೂ ಲಾನ್ ಅದರಿ. ಗಣೇಶ ಚೌತಿಗೆ ಬರ್ರಿ, ಅದರ ಮ್ಯಾಲೇ ಕುಂತು ಚಾ ಕುಡಿಯೋಣು" ಎಂದುಬಿಟ್ಟೆ. ನಮ್ಮಲ್ಲಿದ್ದದ್ದು ಬಟ್ಟೆ ಒಗೆಯುವ ಒಂದು ಕಲ್ಲು ಮತ್ತು ಅದರ ಸುತ್ತ ಮೊಣಕಾಲುದ್ದದ ಕಸ.

ಆಡಿದ ಮಾತು ಉಳಿಸಿಕೊಳ್ಳಬೇಕಲ್ಲ. ಕಲಬುರ್ಗಿಯ ನರ್ಸರಿಗೆ ಹೋಗಿ ಚಾಪೆಯಂತೆ ಸುತ್ತಿಟ್ಟ ಲಾನನ್ನು ಕೊಂಡು, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. "ಏನ್ರಿ ಅದು?" ಎಂದ ಕಂಡಕ್ಟರು. ಹುಲ್ಲು ಎಂದೆ. "ಕಾಲುವಿ ನೀರಿನ ಊರಾಗಿದ್ದು ಹುಲ್ಲು ತರಾಕ ಕಲಬುರ್ಗಿಗೆ ಹೋಗಿದ್ರೇನ್ರಿ?" ಎಂದು ಇಡೀ ಬಸ್ಸಿಗೆ ಕೇಳುವಂತೆ ವಿಚಾರಿಸಿದ. ಊರು ಬರುವವರೆಗೆ ನಾನು ಕಿಟಕಿಯಾಚೆ ಪ್ರಕೃತಿ ಸೌಂದರ್ಯ ನೋಡುತ್ತಿದ್ದೆ.

ಹಾಸಿದ ಲಾನು ಸಾಧು ಸ್ವಭಾವದ್ದು. ಎರಡು ಮಳೆ ಬಿದ್ದದ್ದೇ ತಡ, ಊರಿನ ಹುಲ್ಲುಗಳೆಲ್ಲ ಅದರ ಎದೆ ಸೀಳಿಕೊಂಡು ಮೇಲೆದ್ದವು. ಹಬ್ಬ ಹತ್ತಿರ ಬಂತು. ಹೆಂಡತಿ ಮಹಾದೇವಿ ದೇವಾಪುರದ ತವರಿಗೆ ಹೊರಟವಳು ಬಾಗಿಲಲ್ಲಿ ನಿಂತು, "ಉಳದಿದ್ದ ಕಸ ಏನರೆ ಕೀಳ್ರಿ, ಕರಕಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ. ಗಣಪ್ಪಗ ಬೇಕು" ಎಂದಳು. ಕರಕಿ ಎಂದರೆ ಗರಿಕೆ ಎಂಬಷ್ಟು ಗೊತ್ತಿತ್ತು; ಇದರಲ್ಲಿ ಅದು ಯಾವುದು ಎಂದು ಕೇಳಬಹುದಿತ್ತು. ಆದರೆ ಗಂಡನಾದವನು ಹುಲ್ಲಿನ ವಿಷಯದಲ್ಲೂ ಕೇಳಿ ತಿಳಿದುಕೊಳ್ಳಬೇಕೆಂದರೆ ಮನೆತನದ ಮರ್ಯಾದೆ ಏನಾಗಬೇಕು?

ಅದಕ್ಕೇ ಫೋನಿನಲ್ಲಿ ಗಿಡ ಗುರುತಿಸುವ ಆ್ಯಪ್ ಹಾಕಿಕೊಂಡೆ. ಮೊದಲ ಫೋಟೋಕ್ಕೆ ಅದು ಭತ್ತ ಎಂದಿತು. ಅದೇ ಹುಲ್ಲನ್ನು ಬಗ್ಗಿ ಹಿಡಿದಾಗ ಬಿದಿರು ಎಂದಿತು. ಇನ್ನೊಮ್ಮೆ ನನ್ನ ಹೆಬ್ಬೆರಳನ್ನು ನೋಡಿ ಶುಂಠಿ ಎಂದಿತು. ಕೊನೆಗೆ ಗೋಡೆಯ ಮೂಲೆಯಲ್ಲಿ ನೆಟ್ಟಗೆ, ಹೊಳೆಹೊಳೆಯುತ್ತ ನಿಂತಿದ್ದ ಒಂದು ಹುಲ್ಲನ್ನು ತೋರಿಸಿದಾಗ ಗರಿಕೆ ಎಂದು ಒಪ್ಪಿಕೊಂಡಿತು. ಅದಕ್ಕೆ ಕೈಮುಗಿದು, ಸುತ್ತ ಇಟ್ಟಂಗಿ ಇಟ್ಟು ಕಾಪಾಡಿದೆ. ನೆಲಕ್ಕಂಟಿಕೊಂಡು ಗೆಣ್ಣುಗೆಣ್ಣಿಗೂ ಬೇರು ಬಿಡುತ್ತ ಹರಿದಿದ್ದ ದರಿದ್ರ ಹುಲ್ಲನ್ನೆಲ್ಲ ಚೌತಿಯ ಹಿಂದಿನ ದಿನ ಕುರುಪಿ ಹಿಡಿದು ಕಿತ್ತೆ. ಅದು ಹೋಗುವಾಗ ಲಾನಿನ ಒಂದಷ್ಟು ಎಳೆಗಳನ್ನೂ ಕೈಹಿಡಿದು ಕರೆದುಕೊಂಡು ಹೋಯಿತು. ನನ್ನ ಸೊಂಟ ಸೊಂಟವಾಗಿ ಉಳಿಯಲಿಲ್ಲ. ಪಕ್ಕದ ಮನೆಯ ಹಣಮವ್ವ ಗೋಡೆಯಾಚೆಯಿಂದ, "ಒಗಿಯಾವ್ರಿದ್ರ ನನಗ ಕೊಡ್ರಿ ಸರ" ಎಂದಳು. ಅವಳ ಆಡಿಗೆ ಮೇವಿಗಿರಬೇಕೆಂದುಕೊಂಡು, ಬಹಳ ಉದಾರವಾಗಿ ಬುಟ್ಟಿ ತುಂಬಿಸಿ ಕೊಟ್ಟೆ.

ಹಬ್ಬದ ಬೆಳಿಗ್ಗೆ ಬಂದ ಮಹಾದೇವಿಯನ್ನು ಇಟ್ಟಂಗಿಯ ಬೇಲಿಯ ಬಳಿಗೆ ಕರೆದೊಯ್ದೆ. ಅವಳು ನೋಡಿದಳು. "ಇದು ಜೇಕು ಅನ್ನೋ ಕಸರಿ. ಇದನ್ನ ಏರಸ್ತೀರೇನು ಗಣಪ್ಪಗ?" ಎಂದು ನಿಧಾನವಾಗಿ ಕೇಳಿದಳು. ಹಿತ್ತಲಿನ ಮೇಲೆಲ್ಲ ಕಣ್ಣಾಡಿಸಿ, "ಬಜಾರದಾಗ ಕರಕಿ ತರ್ರಿ" ಎಂದು ಕೈಗೆ ಚೀಲ ಕೊಟ್ಟಳು.

ಬಜಾರಿನಲ್ಲಿ ಕರಕಿಯ ಗುಡ್ಡೆ ಹಾಕಿಕೊಂಡು ಕೂತಿದ್ದವಳು ಹಣಮವ್ವ. "ಬರ್ರಿ ಸರ. ನಿಮ್ಮ ಹಿತ್ತಲದ್ದೇ ಅದ, ಚೊಲೋ ತೊಳದೀನಿ" ಎಂದು ಹೂವಿನವರೆಲ್ಲರ ಎದುರಿಗೆ ಹೇಳಿದಳು. ನಾನು ಚೀಲ ಒಡ್ಡಿದೆ.

ಮನೆಗೆ ಬಂದರೆ ವಿಶ್ವನಾಥ ಗಣಪನ ಮುಂದೆ ಕೂತಾಗಿತ್ತು. "ಪೂಜಿ ಮುಗೀಲಿ, ನಿಮ್ಮ ಲಾನ್ ನೋಡೋಣ್ರಿ" ಎಂದ. ಮಹಾದೇವಿ ಕರಕಿಯನ್ನು ಬಿಡಿಸಿ ಕಟ್ಟುತ್ತಿದ್ದಳು. ನಡುವೆ ಸಿಕ್ಕಿಕೊಂಡಿದ್ದ ಸಣ್ಣ ಸಣ್ಣ ನುಣುಪು ಎಳೆಗಳನ್ನು ಹೆಕ್ಕಿ ಎತ್ತಿ ಹಿಡಿದು, "ಇದ್ಯಾವ ಕಸರಿ ನಡುವ? ದೇವರಿಗೆ ನಡ್ಯಂಗಿಲ್ಲ, ಆಡು ಸುದ್ದಾ ತಿನ್ನಂಗಿಲ್ಲ" ಎಂದಳು. ವಿಶ್ವನಾಥನೂ ಬಗ್ಗಿ ನೋಡಿದ. ಕಲಬುರ್ಗಿಯಿಂದ ನನ್ನ ತೊಡೆಯ ಮೇಲೆ ಕೂತು ಬಂದದ್ದನ್ನು ನಾನು ಗುರುತಿಸದೆ ಇರುತ್ತೇನೆಯೇ? ಆ್ಯಪಿನ ಸಹಾಯವಿಲ್ಲದೆ ಗುರುತಿಸಬಲ್ಲ ಹುಲ್ಲು ನನ್ನ ಪಾಲಿಗೆ ಅದೊಂದೇ.

"ಯಾವುದೋ ಕಾಡು ಕಸ" ಎಂದೆ, "ತಗದು ಒಗಿ."