ಡಿಸ್ಕಿನ ಎಳೆ ತಪ್ಪಿದ ಭಾನುವಾರ

ನನಗೊಂದು ಚಟವಿದೆ. ಚೆನ್ನಾಗಿ ನಡೆಯುತ್ತಿರುವ ವಸ್ತುವನ್ನು ಕಂಡರೆ ಅದನ್ನು ಇನ್ನಷ್ಟು ಸುಧಾರಿಸಬೇಕೆನಿಸುತ್ತದೆ. ಹೀಗೆ ಸುಧಾರಿಸಿದ ಮಿಕ್ಸರ್ ಈಗ ಅಟ್ಟದ ಮೇಲಿದೆ. ಗಡಿಯಾರ ಗೋಡೆಯ ಮೇಲೇ ಇದೆ, ಆದರೆ ವೇಳೆ ತಿಳಿಯಲು ಅದನ್ನು ಯಾರೂ ನೋಡುವುದಿಲ್ಲ. ಹುನಗುಂದದ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರ ನಾನು. ಇಳಕಲ್ಲಿನ ನಮ್ಮ ಮನೆಯ ಕಂಪ್ಯೂಟರಿಗೆ ಕೈ ಹಚ್ಚಲು ಯಾರ ಅಪ್ಪಣೆ ಬೇಕು? ಹಾಗೆಂದೇ ತಿಳಿದಿದ್ದೆ.

ಆ ಭಾನುವಾರ, ಅದರಲ್ಲಿದ್ದ ಹಳೆಯ ಕಾರ್ಯಾಚರಣ ವ್ಯವಸ್ಥೆಯ ಪಕ್ಕದಲ್ಲೇ ಲಿನಕ್ಸ್ ಎಂಬ ಇನ್ನೊಂದನ್ನು ಹಾಕಲು ಕುಳಿತೆ. ಪಡಸಾಲೆಯಲ್ಲಿ ಹೆಂಡತಿ ಶಾಂತಾ ಸೀರೆ ನೇಯುತ್ತಿದ್ದಳು. ನಾನೂ ನೇಕಾರರ ಮನೆಯವನೇ. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದನೆಯ ಎಳೆಗಳನ್ನು, ಏರಿಸುವಾಗ ನಾವು ಹಳೆಯದನ್ನು ಕಿತ್ತು ಒಗೆಯುವುದಿಲ್ಲ. ಅದರ ತುದಿಗೇ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತೇವೆ. ಡಿಸ್ಕಿನಲ್ಲಿ ಯಾವುದು ಎಲ್ಲಿದೆ ಎಂದು ತಿಳಿಸುವ ವಿಭಾಗಗಳ ಪಟ್ಟಿಯನ್ನು ಹೊಸದಾಗಿ ಮಾಡಲೇ ಎಂದು ಪರದೆ ಕೇಳಿದಾಗ, ಇದೂ ಹಾಗೆಯೇ ಹಳೆಯದಕ್ಕೆ ಹೊಸದನ್ನು ಕೂಡಿಸೀತು ಎಂದುಕೊಂಡು ಹೂಂ ಒತ್ತಿಬಿಟ್ಟೆ. ಅದು ಹಳೆಯ ಪಟ್ಟಿಯನ್ನೇ ಅಳಿಸಿ, ಡಿಸ್ಕೆಲ್ಲ ಖಾಲಿ ಎಂದು ತೋರಿಸಿತು.

ಶಾಂತಾಳ ಅವ್ವ ಚೌಕಳಿ ಹಾಳೆಯ ಮೇಲೆ ಬರೆದಿದ್ದ ಸೆರಗಿನ ನಕ್ಷೆಗಳೆಲ್ಲ ಅದರಲ್ಲಿದ್ದವು. ಅತ್ತೆ ಈಗಿಲ್ಲ, ಆ ಹಾಳೆಗಳನ್ನೂ ಗೆದ್ದಲು ತಿಂದಿದೆ. ಸ್ಕ್ಯಾನ್ ಮಾಡಿ ಬೆನ್ನು ತಟ್ಟಿಸಿಕೊಂಡವನು ನಾನೇ, ಎರಡನೆಯ ಪ್ರತಿ ಇಡದವನೂ ನಾನೇ. ಮುಚ್ಚಿಡೋಣವೆಂದರೆ ನನ್ನ ಮುಖ ಯಾವತ್ತೂ ನನ್ನ ಮಾತು ಕೇಳಿದ್ದಿಲ್ಲ.

“ಯಾಕ್ರಿ, ಮಾರಿ ಹಿಂಗ್ಯಾಕ ಆಗೇತಿ?” ಎಂದು ಶಾಂತಾ ಎದ್ದು ಬಂದಳು. ಹೇಳಿದೆ. ಬೈದಿದ್ದರೆ ಸುಖವಿತ್ತು. “ಅವ್ವನ ನಕ್ಷಿ ಹೋದುವೇನ್ರಿ?” ಎಂದು ಸಣ್ಣ ದನಿಯಲ್ಲಿ ಕೇಳಿದಳು. “ಏ ಇಲ್ಲ, ಲಿನಕ್ಸ್ ಪೂರಾ ಹಾಕಿದ್ರ ಎಲ್ಲಾ ಸರಿ ಆಗ್ತೇತಿ” ಎಂದು ಮೌಸಿಗೆ ಕೈ ಹಾಕಿದೆ. ಗಪ್ಪನೆ ಮುಂಗೈ ಹಿಡಿದಳು. “ಎಳಿ ತಪ್ಪಿದ ಮ್ಯಾಲ ಯಾರರ ಮಗ್ಗ ತುಳಿತಾರೇನ್ರಿ? ಮದ್ಲ ಕೈ ತಗೀರಿ. ಎಳಿ ಹರದಾವೋ, ಬರೇ ಜಾರ್ಯಾವೋ ನೋಡ್ರಿ.”

ಖರೆ ಮಾತು. ಹೋದದ್ದು ಪಟ್ಟಿ ಮಾತ್ರ. ನಕ್ಷೆಗಳು ಅಲ್ಲೇ ಇದ್ದವು. ಲಿನಕ್ಸ್ ಪೂರ್ತಿ ಹಾಕಿದ್ದರೆ ಅವುಗಳ ಮೇಲೇ ಹಾಕಿದಂತಾಗಿ ಅವು ಅಳಿದೇ ಹೋಗುತ್ತಿದ್ದವು. ಡಿಸ್ಕನ್ನು ಮುಟ್ಟದೆ, ಲಿನಕ್ಸ್ ಇದ್ದ ಪೆನ್‌ಡ್ರೈವಿನಿಂದಲೇ ಕಂಪ್ಯೂಟರ್ ಶುರು ಮಾಡಿ, ಕಳೆದ ವಿಭಾಗ ಹುಡುಕುವ ತಂತ್ರಾಂಶ ಓಡಿಸಿದೆ. ಶಾಂತಾ ನನ್ನ ಕೈ ಕಾಯುತ್ತ ಪಕ್ಕದಲ್ಲೇ ಕುಳಿತಳು. ಎರಡು ಸಲ ಚಹಾ ಆದ ಮೇಲೆ ಹಳೆಯ ವಿಭಾಗ ಕಂಡಿತು. ಅದರೊಳಗೆ ‘ಅವ್ವ’ ಎಂಬ ಫೋಲ್ಡರ್. ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡು, “ಮದ್ಲ ಇದರ ಪ್ರತಿ ತಗೀರಿ. ಪಟ್ಟಿ ಆಮ್ಯಾಲ ಬರೀರಿ” ಎಂದಳು. ಹಾಗೇ ಮಾಡಿದೆ. ಆ ಪ್ರತಿಯಿರುವ ಇನ್ನೊಂದು ಪೆನ್‌ಡ್ರೈವ್ ಈಗ ಅವಳ ಬೀಗದಕೈ ಗೊಂಚಲಿನಲ್ಲಿದೆ.

ಸೋಮವಾರ ಬಸ್ಸಿಳಿದು ಶಾಲೆಗೆ ಹೋದೆ. ಕಂಪ್ಯೂಟರ್ ಕೋಣೆಯ ಗೋಡೆಯ ಮೇಲೆ ನಾನೇ ದುಂಡಗೆ ಬರೆದದ್ದು ಕಾಣಿಸಿತು: ‘ಕೈ ಹಚ್ಚುವ ಮೊದಲು ಎರಡನೆಯ ಪ್ರತಿ ಇಡಿರಿ.’ ಕೆಳಗೆ ನನ್ನ ಸಹಿ ಬೇರೆ. ಅಂದಿನಿಂದ ಆ ಗೋಡೆಗೆ ಬೆನ್ನು ಮಾಡಿಯೇ ಪಾಠ ಹೇಳುತ್ತಿದ್ದೇನೆ.