ಹೊಟ್ಟೆಯೊಳಗಿನ ಹಾರ್ಮೋನಿಯಂ

ಉಂಡ ಮೇಲೆ ನನಗಾಗೋ ಅಂಥ ತಮಾಷೆಗಳು ಯಲಹಂಕದಿಂದ ಹೆಬ್ಬಾಳದ ತನಕ ಇನ್ನೊಬ್ಬನಿಗೆ ಆಗಿದ್ದರೆ ತೋರಿಸಿ, ಮೀಸೆ ಬೋಳಿಸ್ತೀನಿ.

ಹಾರಿದ್ದು

ಅವತ್ತು ಅವರೆಕಾಳು ಸಾರಲ್ಲಿ ಮುದ್ದೆ ನುಂಗಿ ಕೈ ತೊಳೆಯೋಕೆ ಎದ್ದೆ. ನೆಲ ಹತ್ತಿಯಂಗೆ ಮೆತ್ತಗಾಯ್ತು. ನೋಡ್ತೀನಿ, ಅಮೃತಹಳ್ಳಿ ಕೆರೆ ಮೇಲೆ ತೇಲ್ತಾ ಇದೀನಿ! ಕೆಳಗೆ ಮನೆಗಳೆಲ್ಲ ಬೆಂಕಿಪೊಟ್ಟಣ. ಹೆಜ್ಜಾರ್ಲೆ ಹಕ್ಕಿಗಳು ಸರಿದು ದಾರಿ ಬಿಟ್ಟವು. ಒಂದಂತೂ, "ಯಜಮಾನ್ರೇ, ಎತ್ಲಾಗೆ?" ಅಂತು. "ಎತ್ಲಾಗೋ" ಅನ್ನೋಷ್ಟರಲ್ಲಿ ಮುಖಕ್ಕೆ ನೀರು ಬಿತ್ತು.

"ಎತ್ಲಾಗೂ ಬೇಡ, ಮೊದ್ಲು ಸಾರಿನ ಪಾತ್ರೆಯಿಂದ ಕಾಲು ತೆಗೀರಿ" ಅಂದಳು ನನ್ನ ಹೆಂಡತಿ.

ಡಾಕ್ಟ್ರು ಕೇಳಿಸ್ಕೊಂಡಿದ್ದು

ಬಿದ್ದಿದ್ದಕ್ಕೆ ನನಗೆ ಚಿಂತೆಯಿಲ್ಲ. ಚಿಂತೆಯೆಲ್ಲ ಭಾನುವಾರದ್ದು, ಅವತ್ತು ನಮ್ಮೂರಿನವರ ನಾಟಕ. ರಾಜನ ಪಾರ್ಟು ಯಾವತ್ತೂ ನಂದೇ. ನಾನು ಗದ್ದರಿಸಿದರೆ ಅತ್ತ ಮಾಕಳಿಯಲ್ಲಿ ಹಾಲು ಒಡೀತಿತ್ತು. ಶತ್ರುರಾಜನ ಪಾರ್ಟಿನವನು ನನ್ನ ಬಾಮೈದ, ಅವನೂ ಹಲ್ಲುದುರಿದವನೇ. "ಭಾವ ಸ್ಟೇಜಲ್ಲಿ ಬಿದ್ರೆ ಕಿರೀಟ ನಂಗೆ" ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದ.

ಗಂಗಾನಗರದಲ್ಲಿ ಧಾರವಾಡದ ಕಡೆಯ ಡಾಕ್ಟ್ರೊಬ್ಬರಿದ್ದಾರೆ, ಅವರ ಹತ್ರ ಹೋದೆ. "ಅಜ್ಜಾರ, ಉಂಡಮ್ಯಾಲೆ ಕರುಳಿನಾಗ ಹಾರ್ಮೋನ್ ಬರ್ತಾವ. ರಕ್ತನಾಳದ ಸ್ನಾಯು ಸಡ್ಲ ಆಗ್ತದ, ರಕ್ತ ಹೊಟ್ಟಿ ಕಡೆ ಓಡ್ತದ, ನಿಮ್ಮ ವಯಸ್ಸಿನಾಗ ತಲಿಗೆ ಕಮ್ಮಿ ಬೀಳ್ತದ. ಸ್ವಲ್ಪ ಸ್ವಲ್ಪ ಉಣ್ರಿ, ಉಂಡಕೂಡ್ಲೆ ಏಳಬ್ಯಾಡ್ರಿ" ಅಂದ್ರು.

"ಹಾರ್ಮೋನಿಯಂ ಕೇಳಿದ್ರೆ ನರ ಸಡಿಲ ಆಗೋದು ನಂಗೊತ್ತು ಡಾಕ್ಟ್ರೇ. ಆದ್ರೆ ಹೊಟ್ಟೇಲಿ ಕೂತು ಬಾರಿಸ್ತಿರೋನು ಯಾರು?"

ಅವರು ಸ್ಟೆತಸ್ಕೋಪು ನನ್ನ ಹೊಟ್ಟೆ ಮೇಲಿಟ್ಟು ಕೇಳಿಸ್ಕೊಂಡು, "ಯಾರೋ ಹೊಸಬ ಅದಾನ್ರಿ, ಇನ್ನೂ ಶ್ರುತಿ ಕೂತಿಲ್ಲ" ಅಂದ್ರು.

ಕೂತು ಗೆದ್ದ ಯುದ್ಧ

ಭಾನುವಾರ ಮಧ್ಯಾಹ್ನ, ಬಣ್ಣ ಹಚ್ಚೋ ಮೊದಲು ಊಟ. ಬಾಮೈದ ತಾನೇ ಬಡಿಸೋಕೆ ನಿಂತ. "ರಾಜ ಅರ್ಧ ಹೊಟ್ಟೇಲಿ ಯುದ್ಧ ಮಾಡ್ತಾನಾ ಭಾವ? ಇನ್ನೊಂದು ಮುದ್ದೆ!"

"ನೀನೂ ಕೂತ್ಕೊಳೋ. ನಾನೆಷ್ಟೋ ನೀನೂ ಅಷ್ಟೇ ತಿನ್ಬೇಕು" ಅಂದೆ. ರೋಷಕ್ಕೆ ಬಿದ್ದು ಅವನೂ ನುಂಗಿದ.

ಪರದೆ ಎದ್ದಿತು. ಹಾರ್ಮೋನಿಯಂ ಮೇಷ್ಟ್ರು ಶುರು ಮಾಡಿದರು. ನನ್ನ ಒಳಗಿನವನೂ ಶುರು ಮಾಡಿದ. ದೀಪಗಳು ಕೆರೆಯೊಳಗಿನ ಚಂದ್ರನಂಗೆ ಅಲ್ಲಾಡಿದವು, ಸಿಂಹಾಸನ ದೋಣಿಯಾಯ್ತು. ಎದ್ದು ಕತ್ತಿ ಹಿರಿಯೋ ಹೊತ್ತು ಬಂತು. ಎದ್ದರೆ ಕಿರೀಟ ಹೋಗುತ್ತೆ! ಡಾಕ್ಟ್ರ ಮಾತು ನೆನಪಾಗಿ ಕೂತಲ್ಲಿಂದಲೇ ಗದ್ದರಿಸಿದೆ: "ಎಲವೋ, ನಿನ್ನಂಥವನಿಗೆ ನಾನು ಎದ್ದು ಬರಬೇಕೇ? ಇಲ್ಲಿಗೇ ಬಂದು ಸಾಯಿ!"

ಚಪ್ಪಾಳೆಯೋ ಚಪ್ಪಾಳೆ. ಬಾಮೈದ ಕುಣಿದು ಬಂದ, ಕತ್ತಿ ಎತ್ತಿದ, ಕಣ್ಣು ತೇಲಿಸಿದ, ನನ್ನ ಕತ್ತಿ ತಾಕೋ ಮೊದಲೇ ದೊಪ್ಪಂತ ನನ್ನ ಕಾಲಬುಡದಲ್ಲಿ ಬಿದ್ದ. ಜನ ಶಿಳ್ಳೆ ಹೊಡೀತಿದ್ದಂಗೆ ಹೆಣ ಗೊರಕೆ ಹೊಡೆಯೋಕೆ ಶುರು ಮಾಡ್ತು.

ಮೇಷ್ಟ್ರು ಒಂದು ಗಳಿಗೆ ಕಿವಿಗೊಟ್ಟು, ಆ ಗೊರಕೆಯ ಶ್ರುತಿಗೇ ಹಾರ್ಮೋನಿಯಂ ಹಿಡಿದು ಮಂಗಳ ಹಾಡಿಬಿಟ್ಟರು.